ಅಂಗಡಿ ಮುಚ್ಚಿಸಿ ಎನ್ನುವವರಿಗೆ, ಧಾರವಾಡಕ್ಕೆ ಕಳಿಸಿ ಎನ್ನುವವರಿಗೆ

ಯಾದಗಿರಿ ಜಿಲ್ಲೆಯ ನಮ್ಮ ವಡಗೇರಾ ತಾಲ್ಲೂಕಿಗೆ ಒಂದು ನೆರವಿನ ಕೇಂದ್ರ ಬೇಕು ಎಂದು ಕೇಳುತ್ತಿದ್ದೇವೆ. ಕೇಳುತ್ತಿರುವುದು ದೊಡ್ಡದೇನಲ್ಲ. ವಾರದಲ್ಲಿ ಒಂದು ದಿನ ಮನೋವೈದ್ಯರು ಬರಬೇಕು. ಗುಳಿಗೆ ಇಲ್ಲೇ ಸಿಗಬೇಕು. ಆಸ್ಪತ್ರೆಯಿಂದ ಮನೆಗೆ ಬಂದವರು, ಕುಡಿತ ಬಿಡಲು ಹೆಣಗುತ್ತಿರುವವರು ಹಗಲು ಹೊತ್ತು ಬಂದು ಕೂರಲು, ಕೈಗೊಂದು ಕೆಲಸ ಹಿಡಿಯಲು ಜಾಗ ಬೇಕು. ಗುಳಿಗೆಗೆ ಬಾರದವರ ಮನೆ ಹುಡುಕಿಕೊಂಡು ಹೋಗಿ, ‘ಯಾಕ್ರಿ, ಈ ವಾರ ಬರಲಿಲ್ಲಲ್ಲ’ ಎಂದು ಕೇಳುವ ಒಬ್ಬಿಬ್ಬರು ಬೇಕು. ಇಷ್ಟೇ.

ಇಷ್ಟಕ್ಕೇ ಚಹಾದಂಗಡಿಯಿಂದ ಹಿಡಿದು ಪಂಚಾಯಿತಿ ಕಟ್ಟೆಯವರೆಗೆ ತಕರಾರು ಎದ್ದಿದೆ. ತಕರಾರು ಎತ್ತುವವರಲ್ಲಿ ಬಹಳ ಮಂದಿ ಕೆಟ್ಟವರಲ್ಲ. ಕುಡಿತದಿಂದ ಮನೆ ಹಾಳಾದವರೂ ಅವರಲ್ಲಿದ್ದಾರೆ, ತಮ್ಮ ಮನೆಯ ಒಳಕೋಣೆಯಲ್ಲಿ ಒಬ್ಬರನ್ನು ವರ್ಷಗಟ್ಟಲೆ ಮುಚ್ಚಿಟ್ಟವರೂ ಇದ್ದಾರೆ. ಅದಕ್ಕೇ ಅವರ ಮಾತನ್ನು ತಳ್ಳಿಹಾಕದೆ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಕೆಲವಕ್ಕೆ ಉತ್ತರ ಉದ್ದವಾಗುತ್ತದೆ, ಕೆಲವಕ್ಕೆ ನಾಲ್ಕು ಸಾಲು ಸಾಕು.

‘ಕುಡಿಯೋರಿಗೆ ಯಾಕ್ರಿ ಸರ್ಕಾರದ ರೊಕ್ಕ? ಅದು ಅವರ ಚಟ, ಅವರ ಹಣೇಬಾರ.’

ಮೊದಲು ರೊಕ್ಕದ ಮಾತೇ ಆಡೋಣ. 2023-24ರಲ್ಲಿ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ಬಂದದ್ದು 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ನಮ್ಮ ತಾಲ್ಲೂಕಿನ ಕೂಲಿಕಾರರ ಜೇಬಿನಿಂದ ಹೋದದ್ದೂ ಇದೆ. ಆ ರೊಕ್ಕ ವಿಧಾನಸೌಧಕ್ಕೆ ಹೋಗುವಾಗ ‘ಅದು ಅವರ ಚಟದ ರೊಕ್ಕ, ನಮಗೆ ಬ್ಯಾಡ’ ಎಂದು ಯಾರೂ ಅಂದದ್ದು ಕೇಳಿಲ್ಲ. ಅದರಲ್ಲಿ ಒಂದು ಚೂರು ಅವರ ಚಿಕಿತ್ಸೆಗೆ ವಾಪಸ್ ಬರಲಿ ಎಂದಾಗ ಮಾತ್ರ ಹಣೇಬಾರ ಅಡ್ಡ ಬರುತ್ತದೆ.

ಇನ್ನು ಚಟ. ಮೊದಲ ಗ್ಲಾಸು ಎತ್ತಿದ್ದು ಅವನ ಇಷ್ಟವೇ, ಒಪ್ಪುತ್ತೇನೆ. ಹತ್ತು ವರ್ಷ ದಿನಾ ಕುಡಿದವನ ಕಥೆ ಬೇರೆ. ಬೆಳಿಗ್ಗೆ ಎದ್ದರೆ ಅವನ ಕೈ ನಡುಗುತ್ತದೆ, ಬೆವರುತ್ತಾನೆ, ಅನ್ನ ಸೇರುವುದಿಲ್ಲ. ಒಂದು ಕ್ವಾರ್ಟರ್ ಹೊಟ್ಟೆಗೆ ಬಿದ್ದ ಮೇಲೆ ನಡುಕ ನಿಲ್ಲುತ್ತದೆ. ಅಂಥವನು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನ ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಹೆಂಡತಿಯ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವುದೂ ಉಂಟು. ಇದು ಮನಸ್ಸು ಗಟ್ಟಿ ಮಾಡಿಕೊಂಡರೆ ನಿಲ್ಲುವಂಥದ್ದಲ್ಲ, ಮಿದುಳಿನ ವ್ಯವಹಾರ. ದೇಶದ ಕಾನೂನೂ ಹಾಗೆಯೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆ ಎಂದರೇನು ಎಂದು ವಿವರಿಸುವಾಗ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನೂ ಅದರೊಳಗೇ ಸೇರಿಸಿದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ ಎಂದು ಅದು ಹೇಳಿತು. ಉಳಿದ 37 ಜನ ಯಾರ ಮನೆಯವರು?

‘ಸಾರಾಯಿ ಅಂಗಡಿ ಬಂದ್ ಮಾಡಸ್ರಿ, ಎಲ್ಲಾ ತಾನ ಸರಿ ಹೋಗ್ತದ. ಕೇಂದ್ರ ಗೀಂದ್ರ ಬ್ಯಾಡ.’

ಈ ಮಾತಿಗೆ ನಾನು ತಲೆ ತಗ್ಗಿಸಿಯೇ ಉತ್ತರ ಹೇಳಬೇಕು, ಯಾಕೆಂದರೆ ಇದನ್ನು ಹೇಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ನದಿಯಾಚೆಯ ರಾಯಚೂರಿನ ತಾಯಂದಿರು ವರ್ಷಗಟ್ಟಲೆ ಮದ್ಯ ನಿಷೇಧಕ್ಕಾಗಿ ಹೋರಾಡಿದ್ದಾರೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ ಪಾಕೀಟು ಮಾರುವುದನ್ನು ನಿಲ್ಲಿಸಿ ಎಂದು ಅವರು ಕೇಳಿದ್ದು ನೂರಕ್ಕೆ ನೂರು ಸರಿ. ಅಕ್ರಮ ಮಾರಾಟ ನಿಲ್ಲಲೇಬೇಕು.

ಆದರೆ ಅಂಗಡಿ ಮುಚ್ಚಿದ ಮರುದಿನ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ನಿಲ್ಲಿಸಲಿಲ್ಲ, ಅಗ್ಗದ ವಿಸ್ಕಿ ರಮ್ಮಿಗೆ ಹೊರಳಿದರು. ಈ ಭಾಗದಲ್ಲಿ ಸೇಂದಿಗೂ ನಿಷೇಧ ಬಂತು. ಆಮೇಲೆ ಉಳಿದದ್ದು ಕದ್ದು ಮಾರುವ ಸೇಂದಿ. ಅದಕ್ಕೆ ಮರದ ರಸವೇ ಬೇಕಿಲ್ಲ. ನೀರು, ಸ್ಯಾಕರಿನ್, ಬಿಳಿ ಬಣ್ಣಕ್ಕೆ ಏನೋ ಒಂದು, ಮತ್ತು ಸಿಎಚ್ ಪೌಡರ್ ಇದ್ದರೆ ಆಯಿತು. ಈ ಸಿಎಚ್ ಪೌಡರ್ ಎಂದರೆ ಕ್ಲೋರಲ್ ಹೈಡ್ರೇಟ್. ಹತ್ತೊಂಬತ್ತನೇ ಶತಮಾನದಲ್ಲಿ ವೈದ್ಯರು ನಿದ್ದೆ ಬರಿಸಲು ಕೊಡುತ್ತಿದ್ದ ಔಷಧ. ಅಳತೆ ತಪ್ಪಿದರೆ ಉಸಿರೇ ನಿಲ್ಲಿಸುವಂಥದ್ದು. ರಾಯಚೂರು, ಯಾದಗಿರಿಯ ಗಡಿ ಊರುಗಳಲ್ಲಿ ಈ ಪುಡಿ ಹಿಡಿದ ಸುದ್ದಿ ಪತ್ರಿಕೆಯಲ್ಲಿ ಬರುವುದು ಹೊಸದೇನಲ್ಲ. ಹೊಲದ ಕೆಲಸ ಮುಗಿಸಿ ಮೈಕೈ ನೋವಿಗೆಂದು ಒಂದು ಲೋಟ ಕುಡಿಯುವ ಹೆಂಗಸರೂ ಇದಕ್ಕೆ ಸಿಕ್ಕಿದ್ದಾರೆ. ಅವರ ಬಗ್ಗೆ ನಾವು ಮಾತನ್ನೇ ಆಡುವುದಿಲ್ಲ.

ಈಗ ತೆಲಂಗಾಣದ ಕಡೆ ನೋಡಿ. 2015ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಮುಗಿಬಿತ್ತು. ಒಳ್ಳೆಯ ಕೆಲಸವೇ. ಆದರೆ ಕೆಲವೇ ದಿನಗಳಲ್ಲಿ ನಿಜಾಮಾಬಾದ್ ಕಡೆಯ ಆಸ್ಪತ್ರೆಗಳಿಗೆ ಜನ ಗುಂಪು ಗುಂಪಾಗಿ ಬಂದರು. ಫಿಟ್ಸ್, ಕುತ್ತಿಗೆ ಸೆಟೆಯುವುದು, ಬಡಬಡಿಸುವುದು, ಎದ್ದು ಓಡುವುದು. ಸತ್ತವರೂ ಇದ್ದರು. ಸೇಂದಿಯಲ್ಲಿದ್ದ ನಿದ್ರೆಯ ಔಷಧಕ್ಕೆ ಒಗ್ಗಿಹೋದ ಮೈಗೆ ಅದು ಒಮ್ಮೆಲೇ ಸಿಗದೇ ಹೋದಾಗ ಆಗುವುದು ಇದೇ. 2020ರಲ್ಲಿ ಲಾಕ್‌ಡೌನ್ ಆದಾಗ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಕರ್ನಾಟಕದಲ್ಲಿ ಮದ್ಯದಂಗಡಿ ಮುಚ್ಚಿದ್ದವು. ಕೆಲವರು ಆ ನೆಪದಲ್ಲಿ ಬಿಟ್ಟರು, ಅದು ಸಂತೋಷ. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆ ಮಾತ್ರ ಕುಡಿತ ಸಿಗದೆ ಅರೆಹುಚ್ಚರಂತಾದವರ ಸಾಲು ನಿಂತಿತ್ತು. ನಮ್ಮ ರಾಜ್ಯದಲ್ಲೂ ಮದ್ಯ ಸಿಗಲಿಲ್ಲವೆಂದು ಜೀವ ಕಳೆದುಕೊಂಡವರ ಸುದ್ದಿ ಆ ದಿನಗಳಲ್ಲಿ ಬರುತ್ತಲೇ ಇತ್ತು.

ಅಂದರೆ ಅಂಗಡಿ ಮುಚ್ಚಿಸುವವರಿಗೇ ಈ ಕೇಂದ್ರ ಎಲ್ಲರಿಗಿಂತ ಹೆಚ್ಚು ಬೇಕು. ನಾಳೆ ನಿಮ್ಮ ಹೋರಾಟ ಗೆದ್ದು ಊರಿನ ಅಂಗಡಿಗಳೆಲ್ಲ ಬಂದ್ ಆದವು ಎಂದಿಟ್ಟುಕೊಳ್ಳಿ. ಮೂರನೇ ದಿನ ರಾತ್ರಿ ನಿಮ್ಮ ಗಂಡನಿಗೆ ಫಿಟ್ಸ್ ಬಂದರೆ ಯಾವ ಬಾಗಿಲು ಬಡಿಯುತ್ತೀರಿ? ಡಯಾಜೆಪಾಮ್ ಯಾವ ಪ್ರಮಾಣದಲ್ಲಿ ಕೊಟ್ಟು ಹೇಗೆ ಇಳಿಸಬೇಕು, ಥಯಾಮಿನ್ ಇಂಜೆಕ್ಷನ್ ಯಾವಾಗ ಹಾಕಬೇಕು ಎಂದು ಬಲ್ಲವರು ಹತ್ತಿರದಲ್ಲೇ ಇದ್ದರೆ ಮಾತ್ರ ನಿಮ್ಮ ಗೆಲುವು ಗೆಲುವಾಗಿ ಉಳಿದೀತು.

ಇದೇ ಸಾಲಿನಲ್ಲಿ ಇನ್ನೊಂದು ಮಾತಿದೆ: ಶಿಬಿರ ಮಾಡಿದರೆ ಆಯಿತಲ್ಲ, ಧರ್ಮಸ್ಥಳದವರು ಮಾಡುವುದಿಲ್ಲವೇ? ಮಾಡುತ್ತಾರೆ. ಎಂಟು ದಿನದ ಮದ್ಯವರ್ಜನ ಶಿಬಿರ ಅನೇಕ ಮನೆಗಳನ್ನು ಉಳಿಸಿದೆ. ಆದರೆ ಅವರೂ ಶಿಬಿರ ಮುಗಿಸಿ ಕೈ ತೊಳೆದುಕೊಳ್ಳುವುದಿಲ್ಲ. ಬಿಟ್ಟವರದೇ ನವಜೀವನ ಸಮಿತಿ ಮಾಡಿ ಆಮೇಲೂ ಕೂಡಿಸುತ್ತಾರೆ. ಎಂಟು ದಿನದ ನಂತರದ ಎಂಟು ತಿಂಗಳು ಮುಖ್ಯ ಎಂದು ಅವರಿಗೆ ಗೊತ್ತಿದೆ. ನಾವು ಕೇಳುತ್ತಿರುವುದೂ ಆ ಎಂಟು ತಿಂಗಳಿಗೆ ಬೇಕಾದ ವ್ಯವಸ್ಥೆ.

‘ಹುಚ್ಚು ಬೇರೆ, ಕುಡಿತ ಬೇರೆ. ಇಬ್ಬರನ್ನೂ ಒಂದೇ ಕಡೆ ಕೂಡಿಸೋದು ಸರಿಯಲ್ಲ.’

ಕಾಗದದ ಮೇಲೆ ಬೇರೆ, ಮನೆಯೊಳಗೆ ಒಂದೇ. ಕಿವಿಯಲ್ಲಿ ಯಾರೋ ಬೈದಂತೆ ಕೇಳುವವನು ಆ ದನಿ ಅಡಗಿಸಲು ಕುಡಿಯುತ್ತಾನೆ. ಬೆಳೆ ಹೋಗಿ, ಬಡ್ಡಿ ಏರಿ, ನಿದ್ದೆಗೆಟ್ಟವನು ಒಂದು ಕ್ವಾರ್ಟರ್ ಹಾಕಿದರೆ ಮಲಗಿಯೇನು ಎಂದುಕೊಳ್ಳುತ್ತಾನೆ. ವರ್ಷಾನುಗಟ್ಟಲೆ ಕುಡಿದವನಿಗೆ ಹೆಂಡತಿಯ ಮೇಲೆ ಇಲ್ಲದ ಸಂಶಯ ಹುಟ್ಟುತ್ತದೆ. ಈ ಮೂವರಲ್ಲಿ ಯಾರು ಹುಚ್ಚರು, ಯಾರು ಕುಡುಕರು? ಕುಡಿತ ಬಿಡಿಸುವ ಕಡೆ ಹೋದರೆ ಮೊದಲು ತಲೆ ಸರಿ ಮಾಡಿಸಿಕೊಂಡು ಬಾ ಎನ್ನುತ್ತಾರೆ, ಮನೋವೈದ್ಯರ ಬಳಿ ಹೋದರೆ ಮೊದಲು ಕುಡಿತ ಬಿಡು ಎನ್ನುತ್ತಾರೆ. ಈ ನಡುವೆ ಅವನು ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆ. ಒಬ್ಬನೇ ಮನುಷ್ಯನನ್ನು ಎರಡು ಕಚೇರಿಗಳು ಹಂಚಿಕೊಳ್ಳಲು ಹೋಗಿ ಇಬ್ಬರೂ ಕೈಬಿಡುವುದು ಬೇಡ ಎಂದೇ ಎರಡನ್ನೂ ಒಂದು ಸೂರಿನಡಿ ಕೇಳುತ್ತಿದ್ದೇವೆ. ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ಕೂಡಿಸಿ ಎಂದೇನೂ ಅಲ್ಲ. ವಾರದ ದಿನಗಳಿವೆ, ಹಂಚಿಕೊಳ್ಳಬಹುದು.

‘ಊರಾಗ ಇಟ್ಟುಕೊಂಡ್ರ ಹೆಣ್ಣುಮಕ್ಕಳು, ಸಣ್ಣ ಹುಡುಗರು ಅಂಜತಾರ. ಧಾರವಾಡಕ್ಕ ಕಳಿಸಿಬಿಡ್ರಿ.’

ಅವರು ಈಗ ಎಲ್ಲಿದ್ದಾರೆ? ಊರಲ್ಲೇ ಇದ್ದಾರೆ. ಕೇಂದ್ರ ಬಂದರೆ ಹೊರಗಿನಿಂದ ಯಾರೂ ಲಾರಿಯಲ್ಲಿ ತಂದು ಇಳಿಸುವುದಿಲ್ಲ. ಇರುವವರೇ ಗುಳಿಗೆ ತೆಗೆದುಕೊಂಡು ಇರುತ್ತಾರೆ. ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರ ಮೈಮೇಲೂ ಹೋಗುವವರಲ್ಲ. ಹೊಡೆತ ತಿನ್ನುವವರು, ಕಲ್ಲೆಸೆತಕ್ಕೆ ಸಿಗುವವರು ಅವರೇ ಹೆಚ್ಚು. ಚಿಕಿತ್ಸೆ ಇಲ್ಲದೆ ಬಿಟ್ಟಾಗ, ಅದರ ಮೇಲೆ ಕುಡಿತವೂ ಸೇರಿದಾಗ ಅಪಾಯ ಹೆಚ್ಚುವುದು ನಿಜ. ಹಾಗಿದ್ದರೆ ಅಂಜಿಕೆ ಇರುವವರು ಕೇಂದ್ರದ ಪರ ನಿಲ್ಲಬೇಕಲ್ಲವೇ?

ಧಾರವಾಡದ ವಿಷಯಕ್ಕೆ ಬಂದರೆ, ಅಲ್ಲಿನ ಆಸ್ಪತ್ರೆ 1845ರಷ್ಟು ಹಳೆಯದು. ಈಗಿನ ಡಿಮ್ಹಾನ್ಸ್ ಅದರ ಮುಂದುವರಿಕೆ. ಒಳ್ಳೆಯ ವೈದ್ಯರಿದ್ದಾರೆ. ಆದರೆ ಹಯ್ಯಾಳದಿಂದಲೋ ಕೊಂಕಲ್‌ನಿಂದಲೋ ಹೊರಟವರು ಬಸ್ಸು ಬದಲಿಸುತ್ತಾ ಹೋದರೆ ಒಂದು ಹಗಲು ಪೂರ್ತಿ ಹಾದಿಯಲ್ಲೇ ಕಳೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗಾದರೆ ಯಾದಗಿರಿ ಸ್ಟೇಷನ್ನಿನಿಂದ ರಾತ್ರಿಯ ರೈಲು. ರೋಗಿಯ ಜೊತೆಗೆ ಇಬ್ಬರು, ಹೋಗಿಬರುವ ಖರ್ಚು, ಮೂವರ ಮೂರು ದಿನದ ಕೂಲಿ. ಒಮ್ಮೆ ಹೋಗುತ್ತಾರೆ, ಕಷ್ಟಪಟ್ಟು ಎರಡನೇ ಸಲವೂ ಹೋಗುತ್ತಾರೆ. ಆಮೇಲೆ ಚೀಟಿ ಗೋಡೆಯ ಗೂಡಿನಲ್ಲಿ ಉಳಿಯುತ್ತದೆ. ಆರು ತಿಂಗಳಿಗೆ ಕಾಯಿಲೆ ಮರುಕಳಿಸಿ, ‘ಧಾರವಾಡಕ್ಕ ತೋರಿಸಿದ್ರೂ ಕಮ್ಮಿ ಆಗಲಿಲ್ಲ’ ಎಂಬ ಮಾತು ಊರೆಲ್ಲ ಹಬ್ಬುತ್ತದೆ.

ಮೇಲೆ ಹೇಳಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಕಲಂ ಓದಿ. ಮಾನಸಿಕ ಆರೋಗ್ಯ ಸೇವೆಗಾಗಿ ಯಾರೂ ದೂರ ಅಲೆಯುವಂತಾಗಬಾರದು, ಇರುವ ಊರಿನ ಹತ್ತಿರವೇ ಸಿಗಬೇಕು, ಅದನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂದಿದೆ. 19ನೇ ಕಲಂ ಇನ್ನೂ ಮುಂದೆ ಹೋಗಿ, ಸಮಾಜದ ನಡುವೆ ಬದುಕುವುದೇ ಅವರ ಹಕ್ಕು, ಊರಲ್ಲಿ ವ್ಯವಸ್ಥೆ ಇಲ್ಲ ಎಂಬ ಕಾರಣಕ್ಕೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ಆದ್ದರಿಂದ ‘ಕಳಿಸಿಬಿಡ್ರಿ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

‘ಗಾಣಗಾಪುರಕ್ಕೋ ದರ್ಗಾಕ್ಕೋ ಕರ್ಕೊಂಡು ಹೋದ್ರ ಬಿಡ್ತದ. ಗಾಳಿ ಸೋಕಿದ್ದಕ್ಕ ಡಾಕ್ಟರ್ ಏನ್ ಮಾಡ್ತಾನ?’

ಇಲ್ಲಿ ನಾನು ವಿಚಾರವಾದಿಗಳ ಹಾಗೆ ನಗಲಾರೆ. ಭೀಮಾ ತೀರದ ಗಾಣಗಾಪುರದಲ್ಲಿ ಮಧ್ಯಾಹ್ನದ ಆರತಿ ಹೊತ್ತಿಗೆ ಕಂಬ ಹತ್ತಿ ಕೂಗಾಡುವವರನ್ನು ಈ ಸೀಮೆಯ ಜನ ನೋಡಿಯೇ ಬೆಳೆದಿದ್ದಾರೆ. ತಿಂಥಣಿ ಮೌನೇಶ್ವರನಿಗೆ, ಗೋಗಿ ದರ್ಗಾಕ್ಕೆ ಹರಕೆ ಹೊರದ ಮನೆ ಹುಡುಕಬೇಕು. ಅಲ್ಲಿ ಯಾರೂ ಆಧಾರ್ ಕೇಳುವುದಿಲ್ಲ, ‘ಸೋಮವಾರ ಬಾ’ ಎನ್ನುವುದಿಲ್ಲ, ರೋಗಿಯ ತಾಯಿ ಬಾಯಿಬಿಟ್ಟು ಅತ್ತರೂ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಆಸ್ಪತ್ರೆಗಳು ಅವರಿಂದ ಕಲಿಯುವುದಿದೆ. ಹೋಗಿ ಬನ್ನಿ. ಗುಳಿಗೆಯನ್ನೂ ನುಂಗಿ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ ದವಾ ಮತ್ತು ದುವಾ ಎಂಬ ಹೆಸರಿನಲ್ಲಿ ದರ್ಗಾದ ಮುಜಾವರರೇ ಭಕ್ತರನ್ನು ಅಲ್ಲೇ ಇರುವ ಮನೋವೈದ್ಯರ ಕೋಣೆಗೂ ಕಳಿಸುತ್ತಾರೆ. ನಮ್ಮ ಪೂಜಾರಿಗಳಿಗೆ, ಮುಜಾವರರಿಗೆ ಅಷ್ಟು ದೊಡ್ಡ ಮನಸ್ಸಿಲ್ಲವೆಂದು ನಾನಂತೂ ನಂಬುವುದಿಲ್ಲ.

ಆದರೆ ಒಂದು ಗೆರೆ ಇದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಬರೆ ಹಾಕುವುದು ನಮ್ಮ ರಾಜ್ಯದ 2017ರ ವಾಮಾಚಾರ ತಡೆ ಕಾನೂನಿನ ಪ್ರಕಾರ ಅಪರಾಧ. ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಎರ್ವಾಡಿಯ ದರ್ಗಾ ಬಳಿಯ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ ಇತ್ತು, ಓಡಲಾಗಲಿಲ್ಲ. 28 ಜನ ಸತ್ತರು.

‘ಗುಳಿಗಿ ತಿಂದ್ರ ಮಬ್ಬು ಬರ್ತದ. ಒಮ್ಮೆ ಸುರು ಮಾಡಿದ್ರ ಸಾಯೋತನಕ ತಿನ್ನಬೇಕು.’

ಮಬ್ಬು ಬರುವುದು ನಿಜ, ಕೈ ನಡುಕವೂ, ಮೈ ಬರುವುದೂ ಉಂಟು. ಪ್ರಮಾಣ ಇಳಿಸಿದರೆ, ಗುಳಿಗೆ ಬದಲಿಸಿದರೆ ಬಹಳಷ್ಟು ಸರಿಹೋಗುತ್ತದೆ. ಆದರೆ ಬದಲಿಸಲು ವೈದ್ಯರು ವಾರಕ್ಕೊಮ್ಮೆಯಾದರೂ ಕೈಗೆ ಸಿಗಬೇಕು. ಸಾಯುವತನಕ ಎಂಬುದು ಎಲ್ಲರಿಗೂ ಅಲ್ಲ. ಕೆಲವರಿಗೆ ಹೌದು. ಸಕ್ಕರೆ ಕಾಯಿಲೆಯವರೂ ಹಾಗೇ ತಿನ್ನುತ್ತಾರಲ್ಲ, ಅವರಿಗೆ ಯಾರೂ ಹೀಗೆ ಹೆದರಿಸುವುದಿಲ್ಲ.

ಇಲ್ಲಿ ನಮ್ಮ ತಾಲ್ಲೂಕಿನದೇ ಒಂದು ತೊಡಕನ್ನು ಹೇಳಬೇಕು, ಅದು ಗುಳೆ. ಸುಗ್ಗಿ ಮುಗಿದ ಮೇಲೆ ಮನೆ ಮನೆಗೆ ಬೀಗ ಬೀಳುತ್ತದೆ. ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಕಾಯಿಲೆಯವರು ಒಂದೋ ಮುದಿ ತಂದೆತಾಯಿಯ ಜೊತೆ ಊರಲ್ಲಿ ಉಳಿಯುತ್ತಾರೆ, ಇಲ್ಲವೇ ಶೆಡ್ಡಿನಲ್ಲಿ ಎಲ್ಲರ ಜೊತೆ ಮಲಗುತ್ತಾರೆ. ಎರಡೂ ಕಡೆ ಗುಳಿಗೆ ತಪ್ಪುತ್ತದೆ. ಹೊರಡುವ ಮುಂಚೆ ಎರಡು ತಿಂಗಳ ಗುಳಿಗೆ ಕಟ್ಟಿಕೊಟ್ಟು, ಹೋದ ಊರಿನ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, ನಡುವೆ ಫೋನ್ ಮಾಡಿ ವಿಚಾರಿಸುವುದು ದೂರದ ದೊಡ್ಡ ಆಸ್ಪತ್ರೆಯಿಂದ ಆಗುವ ಕೆಲಸವಲ್ಲ. ಯಾರ ಮನೆ ಯಾವಾಗ ಗುಳೆ ಹೋಗುತ್ತದೆ ಎಂಬುದು ಓಣಿಯ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

‘ಮನೋವೈದ್ಯರೇ ಇಲ್ಲ. ಕಟ್ಟಡ ಕಟ್ಟಿ ಬೀಗ ಹಾಕತೀರಿ, ಅಷ್ಟೇ.’

ಇದು ಎಲ್ಲಕ್ಕಿಂತ ಗಟ್ಟಿಯಾದ ತಕರಾರು. ಬೀಗ ಬಿದ್ದ ಕಟ್ಟಡಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅದಕ್ಕೇ ಕಟ್ಟಡ ಕೇಳಲಿಲ್ಲ. ಇರುವ ಸರ್ಕಾರಿ ಕಟ್ಟಡದಲ್ಲಿ ಎರಡು ಕೋಣೆ ಸಾಕು.

ವೈದ್ಯರು ಕಡಿಮೆ ಇದ್ದಾಗ ಏನು ಮಾಡಬೇಕು ಎಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಕಲ್ಯಾಣ ಕರ್ನಾಟಕ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ನಾಲ್ಕಾರು ಅಗ್ಗದ ಔಷಧಗಳನ್ನು ಅವರ ಕೈಗೆ ಕೊಟ್ಟು ನೋಡಿದರು. ಅದೇ ಬಳ್ಳಾರಿ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಾವು ಹುಟ್ಟಿಸಿದ ಕೂಸು ಬೇರೆ ರಾಜ್ಯಗಳಲ್ಲಿ ಓಡಾಡುತ್ತಿರುವಾಗ ನಮ್ಮಲ್ಲೇ ‘ಇದು ಆಗೋ ಕೆಲಸವಲ್ಲ’ ಎಂದರೆ ಹೇಗೆ? ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಹುಡುಕಿ, ಚಿಕಿತ್ಸೆ ಕೊಟ್ಟು, ಬಿಡದೆ ಬೆನ್ನುಹತ್ತಿ ನೋಡಿಕೊಂಡಿದ್ದಾರೆ. ಚಿಕಿತ್ಸೆಯಲ್ಲಿ ಉಳಿದವರು ಮತ್ತೆ ಮನೆಗೆಲಸ, ತೋಟದ ಕೆಲಸ ಹಿಡಿಯುವಷ್ಟು ಸುಧಾರಿಸಿದರು. ಬಯಲುಸೀಮೆಯ ಜಗಳೂರಿನಲ್ಲಿ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೇ ಈ ಕೆಲಸಕ್ಕೆ ಜೋಡಿಸಿಕೊಂಡರು. ಅಂಗವಿಕಲರ ಸೌಲಭ್ಯ ನೋಡಿಕೊಳ್ಳಲು ಸರ್ಕಾರವೇ ನೇಮಿಸಿದ ಕಾರ್ಯಕರ್ತರು ಇವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿರುವುದರಿಂದ ಇದು ಅವರ ಕೆಲಸವೂ ಹೌದು.

ಕುಡಿತದ ವಿಷಯದಲ್ಲಿ ಗೋವಾದ ಪ್ರಯೋಗ ಗಮನಿಸಿ. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬೊಬ್ಬ ಗಂಡಸಿನ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ನಂತರ ಸಲಹೆ ಪಡೆದವರಲ್ಲಿ 100ಕ್ಕೆ 36 ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು, ಪಡೆಯದವರಲ್ಲಿ 26. ಅದು ಪೂರ್ತಿ ಅಂಟಿಕೊಂಡವರ ಮೇಲೆ ಮಾಡಿದ ಪ್ರಯೋಗವಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಂಥವರಿಗೆ ಔಷಧ, ಹಾಸಿಗೆ ಎರಡೂ ಬೇಕು. ಅವರನ್ನು ಯಾದಗಿರಿಗೆ ಕಳಿಸಬೇಕಾಗುತ್ತದೆ. ಆದರೆ ಯಾರನ್ನು ಕಳಿಸಬೇಕು, ಯಾರನ್ನು ಇಲ್ಲೇ ನೋಡಬಹುದು ಎಂದು ವಿಂಗಡಿಸಲಾದರೂ ಇಲ್ಲಿ ಒಬ್ಬರು ಬೇಕಲ್ಲ.

ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂಬ ಯೋಜನೆ 2014ರಿಂದಲೇ ರಾಜ್ಯದಲ್ಲಿದೆ. ಹಗಲು ಆರೈಕೆಗೆಂದು ಮಾನಸಧಾರ ಯೋಜನೆ ಇದೆ. ಫೋನಿನಲ್ಲಿ ಸಲಹೆ ಬೇಕಾದರೆ 2022ರಿಂದ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಇವನ್ನೆಲ್ಲ ನಾವು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ತೊಂದರೆ ಏನೆಂದರೆ ತಾಲ್ಲೂಕು ಎಂದ ಕೂಡಲೇ ಅಧಿಕಾರಿಗಳಿಗೆ ಇನ್ನೂ ಶಹಾಪುರ, ಸುರಪುರಗಳೇ ನೆನಪಾಗುತ್ತವೆ. ವಡಗೇರಾ, ಹುಣಸಗಿ, ಗುರುಮಠಕಲ್ ತಾಲ್ಲೂಕಾದದ್ದು ಬೋರ್ಡಿನ ಮೇಲೆ ಮಾತ್ರ ಆಗಬಾರದು.

‘ಮೊದಲು ಕುಡಿಯೋ ನೀರು, ರೋಡು ಕೊಡಲಿ. ಇದೆಲ್ಲ ಆಮ್ಯಾಲ.’

2011ರ ಜನಗಣತಿಯಲ್ಲಿ ಯಾದಗಿರಿ ಸಾಕ್ಷರತೆಯಲ್ಲಿ ರಾಜ್ಯದಲ್ಲೇ ಕೊನೆ, 100ಕ್ಕೆ 52ರಷ್ಟೂ ಇಲ್ಲ. ನೀರು, ರಸ್ತೆ, ಶಾಲೆ ಎಲ್ಲವೂ ಬೇಕು, ಸಾಲು ಉದ್ದವಿದೆ. ಆದರೆ ಆ ಸಾಲಿನಲ್ಲಿ ಬಂದು ನಿಲ್ಲಲೂ ಆಗದವರು ಇವರು. ನೀರಿಲ್ಲದವರು ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂರುತ್ತಾರೆ, ಪತ್ರಿಕೆಯವರು ಫೋಟೊ ತೆಗೆಯುತ್ತಾರೆ. ಒಳಕೋಣೆಯಲ್ಲಿ ಬೀಗ ಹಾಕಿಸಿಕೊಂಡವರು ಯಾವ ಕೊಡ ಹಿಡಿದು ಬರಬೇಕು? ಅವರ ತಾಯಿ ಬಂದಾಳು ಎಂದರೆ, ಮನೆಯಲ್ಲಿ ಇನ್ನೊಬ್ಬ ಮಗಳ ಮದುವೆ ಆಗಬೇಕಿದೆ, ಬಾಯಿ ಬಿಡುವುದಿಲ್ಲ. ಅಷ್ಟಕ್ಕೂ ಈ ಕೇಂದ್ರಕ್ಕಾಗುವ ಖರ್ಚಿನಿಂದ ಒಂದು ಓಣಿಯ ಸಿಸಿ ರಸ್ತೆಯೂ ನಿಲ್ಲುವುದಿಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಅನುದಾನದಲ್ಲಿ ಆರೋಗ್ಯಕ್ಕೂ ಪಾಲಿದೆ.

ಮುಂದಿನ ಗ್ರಾಮಸಭೆಗಳಲ್ಲಿ ಈ ಬೇಡಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ನಡಾವಳಿಯಲ್ಲಿ ಬರೆಸಬೇಕೆಂದಿದ್ದೇವೆ: ಮಂಗಳವಾರದ ವೈದ್ಯರು, ಗುಳಿಗೆಯ ದಾಸ್ತಾನು, ಎರಡು ಕೋಣೆ, ವಿಆರ್‌ಡಬ್ಲ್ಯು ಮತ್ತು ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಅದಕ್ಕೆ ತಕ್ಕ ಗೌರವಧನ. ವಿರೋಧ ಇರುವವರೂ ಬಂದು ತಮ್ಮ ಮಾತನ್ನು ಅದೇ ನಡಾವಳಿಯಲ್ಲಿ ಬರೆಸಲಿ, ಕೆಳಗೆ ಸಹಿ ಹಾಕಲಿ.